ಸುಕ್ಕಿಲ್ಲದ ನೀರು

ನಮ್ಮೂರಿನಲ್ಲಿ ಮಲಗುವ ಮುಂಚೆ ತಂಬಿಗೆಯನ್ನು ಗೂಟಕ್ಕೆ ಕಟ್ಟಬೇಕು. ಮರೆತರೆ ಬೆಳಿಗ್ಗೆ ಅದು ಪೂರ್ವದ ಬಾಗಿಲ ಹತ್ತಿರ ಸಿಗುತ್ತದೆ. ಮಂಚ, ಮಣೆ, ಚಪ್ಪಲಿ, ಯಾವುದೂ ಇಟ್ಟಲ್ಲಿ ಇರುವುದಿಲ್ಲ. ನೆಲ ಒಂದೇ ಸಮನೆ ಅದುರುತ್ತಿರುವುದರಿಂದ ಎಲ್ಲವೂ ಮೆಲ್ಲಗೆ ಪೂರ್ವಕ್ಕೆ ಹೊರಡುತ್ತವೆ. ಗೋಡೆ ಬೀಳಿಸುವಂಥ ಅದುರಲ್ಲ. ಮೆಲುಕು ಹಾಕುವ ಎಮ್ಮೆಯ ಬೆನ್ನಿನ ಮೇಲೆ ಅಂಗೈ ಇಟ್ಟರೆ ಒಳಗೇನೋ ನಡೆಯುತ್ತಿರುವುದು ತಿಳಿಯುತ್ತದಲ್ಲ, ಅಂಥದ್ದು. ‘ಒಂದು’ ಎಂದು ನಿಧಾನವಾಗಿ ಹೇಳಿ ಮುಗಿಸುವುದರೊಳಗೆ ನಾಲ್ಕು ಸಲ ಏಳುತ್ತದೆ, ನಾಲ್ಕು ಸಲ ಇಳಿಯುತ್ತದೆ. ಯಾಕೆ ಎಂದು ನಾವು ಕೇಳುವುದಿಲ್ಲ. ಬೇರೆ ಊರಿನವರು ಗಾಳಿ ಯಾಕೆ ಬೀಸುತ್ತದೆ ಎಂದು ದಿನಾ ಕೇಳಿಕೊಂಡು ಕೂರುತ್ತಾರೆಯೇ?

ನನ್ನ ಕಸುಬು ನೆಲುವು ಕಟ್ಟುವುದು. ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆ, ಅದರೊಳಗೆ ಮೊಸರಿನ ಗಡಿಗೆ. ನೆಲದ ಮೇಲಿಟ್ಟ ಹಾಲು ನಮ್ಮಲ್ಲಿ ಹೆಪ್ಪಾಗುವುದಿಲ್ಲ, ಒಡೆದು ನೀರಾಗುತ್ತದೆ. ಗಡಿಗೆಗೆ ನೆಲುವು, ಅಕ್ಕಸಾಲಿಯ ತಕ್ಕಡಿಗೆ ನೆಲುವು, ಹಸುಗೂಸಿನ ತೊಟ್ಟಿಲಿಗೆ ನೆಲುವು. ಹಗ್ಗದ ತುದಿಗೆ ತಂತಿಯ ಸುರುಳಿ ಹಾಕುತ್ತೇನೆ. ಆ ಸುರುಳಿ ಭಾರಕ್ಕೆ ಎಷ್ಟು ಜಗ್ಗುತ್ತದೆ ಎನ್ನುವುದರಲ್ಲೇ ನನ್ನ ವಿದ್ಯೆಯೆಲ್ಲ ಇರುವುದು. ಒಂದು ಬೆರಳಿನಷ್ಟು ಮಾತ್ರ ಜಗ್ಗಿದರೆ ತೊಟ್ಟಿಲು ನೆಲಕ್ಕಿಂತ ಜೋರಾಗಿ ಕುಣಿಯುತ್ತದೆ, ಕೂಸು ಕಿರುಚುತ್ತದೆ. ಅರ್ಧ ಮೊಳ ಜಗ್ಗಿದರೆ ನೆಲ ತನ್ನ ಪಾಡಿಗೆ ಕೆಳಗೆ ಅದುರಿಕೊಂಡಿರುತ್ತದೆ, ಮೇಲೆ ಕೂಸು ಹಾಯಾಗಿ ನಿದ್ದೆ ಮಾಡುತ್ತದೆ. ಕೂಸು ತೀರಾ ಹಗುರವಾಗಿದ್ದರೆ ಹಾಸಿಗೆಯ ಕೆಳಗೆ ನಾಲ್ಕು ಸೇರು ಮರಳು ಸುರಿದು ಸುರುಳಿಯನ್ನು ಜಗ್ಗಿಸಬೇಕು. ಇಷ್ಟನ್ನು ನನಗೆ ಕಲಿಸಿದವರು ನಮ್ಮತ್ತೆ. ನನ್ನ ಹೆಸರು ಬೋರಮ್ಮ. ಊರಿಗೆಲ್ಲ ನಾನು ನೆಲುವಿನ ಬೋರಿ.

ಚೌಡಕ್ಕ ನನ್ನ ಪಕ್ಕದ ಮನೆಯವಳು, ಕುಂಬಾರಳು. ತಿಗರಿಯ ಮೇಲೆ ಮಣ್ಣು ತಿರುಗುವಾಗಲೂ ನೆಲ ಅದುರುವುದರಿಂದ ಅವಳ ಗಡಿಗೆಗಳ ಮೈತುಂಬ ಸಣ್ಣ ಸಣ್ಣ ಅಲೆಗಳು ಏಳುತ್ತವೆ. ನಮ್ಮೂರಿನಲ್ಲಿ ಗಡಿಗೆ ಎಂದರೆ ಹಾಗೇ ಇರಬೇಕು. ನುಣ್ಣಗಿದ್ದರೆ ಕೈಯಿಂದ ಜಾರುತ್ತದೆ ಎನ್ನುತ್ತೇವೆ. ಅವಳು ಮಾಡಿದ ಗಡಿಗೆ ಇಲ್ಲದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ಒಂದು ವರ್ಷ ಅವಳ ಬಲಗಣ್ಣಿಗೆ ಪೊರೆ ಬಂತು. ನಾನೇ ಹಟ ಹಿಡಿದು ಅವಳನ್ನು ಹೊರಗಿನ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನಮ್ಮವರು ಹೊರಗೆ ಹೋದರೆ ಮೂರು ನಾಲ್ಕು ದಿನ ಮೈಯೊಳಗಿನ ಅದುರು ನಿಲ್ಲುವುದಿಲ್ಲ, ಅಷ್ಟು ದಿನ ಹೊರಗೆ ಉಳಿಯುವವರೂ ಇಲ್ಲ. ನೆಂಟರ ಮನೆಯ ಮದುವೆಗೆ ಹೋದಾಗ ನಮಗೆ ಅರ್ಧ ಲೋಟ ಕಾಫಿ ಮಾತ್ರ ಕೊಡುತ್ತಾರೆ, ಚೆಲ್ಲೀವೆಂದು. ಚೌಡಕ್ಕ ಆಸ್ಪತ್ರೆಯ ಬಾಗಿಲಲ್ಲೇ ಹೇಳಿದಳು: “ಬೋರಿ, ಮೈ ಇನ್ನೂ ಜುಮ್ ಜುಮ್ ಅಂತೈತೆ ಕಣೇ. ನಾಲ್ಕು ದಿನ ಇದ್ದು ಮಾಡಿಸ್ಕೊಳ್ಳೋಣ.” ಮರುದಿನ ಊರಲ್ಲಿ ಒಂದು ನಾಮಕರಣವಿತ್ತು, ತೊಟ್ಟಿಲು ಕಟ್ಟಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. “ಏನೂ ಆಗಲ್ಲ, ಒಳಗೆ ನಡಿಯಕ್ಕ” ಎಂದು ಬೆನ್ನು ತಳ್ಳಿದೆ. ಹೆದರಿಕೆಗೆ ನಡುಗುತ್ತಿದ್ದಾಳೆ ಎಂದುಕೊಂಡರು ಅಲ್ಲಿನವರು. ಎಲ್ಲಿಂದ ಬಂದಿದ್ದೇವೆ ಎಂದು ನಾನು ಹೇಳಲಿಲ್ಲ. ಆ ಕಣ್ಣು ಹೋಯಿತು. ತೊಟ್ಟಿಲು ಮಾತ್ರ ಹೊತ್ತಿಗೆ ಸರಿಯಾಗಿ ತೂಗಿತು.

ಅವಳು ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರವಾಗಬಹುದಿತ್ತು. ಆಮೇಲೆ ಎಡಗಣ್ಣಿಗೂ ಪೊರೆ ಇಳಿಯಿತು. “ಊರ ಗಡಿ ಮಾತ್ರ ದಾಟಲ್ಲ” ಎಂದಳು. “ಕುರುಡಿಯಾದ್ರೂ ನಮ್ಮ ನೆಲದ ಮೇಲೇ ಆಗ್ತೀನಿ. ಇಲ್ಲಿ ಒಂದೊಂದು ಬೀದಿ ಒಂದೊಂದು ಥರ ಅದುರುತ್ತೆ, ಕಾಲೇ ದಾರಿ ಹೇಳುತ್ತೆ. ಆ ಸತ್ತ ನೆಲದ ಮೇಲೆ ನಾನು ಎಲ್ಲಿಗೆ ಅಂತ ಹೋಗ್ಲಿ?” ಅಂದಿನಿಂದ ಅವಳ ಗಡಿಗೆಗಳ ಕಂಠ ಓರೆಯಾಗತೊಡಗಿತು. ಜನ ಏನೂ ಹೇಳದೆ ಕೊಂಡುಹೋದರು. ಅದು ಅವಳಿಗೂ ಗೊತ್ತಾಯಿತು. ಒಂದು ಬೆಳಿಗ್ಗೆ ತಿಗರಿಯನ್ನು ಗೋಡೆಗೆ ಒರಗಿಸಿಟ್ಟುಬಿಟ್ಟಳು.

ಆ ವರ್ಷವೇ ನಮ್ಮೂರಿಗೆ ಕಣ್ಣಿನ ಡಾಕ್ಟರು ಬಂದರು. ರೆಹಾನಾ ಎಂದು ಹೆಸರು. ಬಂದ ಹೊಸತರಲ್ಲಿ ದಿನಕ್ಕೆ ಎರಡು ಸಲ ವಾಂತಿ ಮಾಡಿಕೊಂಡು, ಗೋಡೆ ಹಿಡಿದು ಓಡಾಡುತ್ತಿದ್ದರು. ಆರು ತಿಂಗಳಲ್ಲಿ ನಮ್ಮಂತೆಯೇ ಲೋಟ ಹಿಡಿಯುವುದು ಕಲಿತರು. ನಾನು ಹೋಗಿ ಚೌಡಕ್ಕನ ವಿಷಯ ಹೇಳಿದೆ. ಅವರು ತಮ್ಮ ಮೇಜಿನ ಮೇಲಿದ್ದ ಬಟ್ಟಲಿನ ನೀರನ್ನು ತೋರಿಸಿದರು. ನಮ್ಮೂರಿನ ಎಲ್ಲ ನೀರಿನಂತೆ ಅದರ ಮೇಲೆಲ್ಲ ಸುಕ್ಕು ಓಡುತ್ತಿತ್ತು. “ನೋಡಿ ಬೋರಮ್ಮ, ಈ ನೀರಿನಲ್ಲಿ ಒಂದು ಸುಕ್ಕೂ ಇಲ್ಲದ ಜಾಗ ಈ ಊರಲ್ಲಿ ಎಲ್ಲಿದೆಯೋ ತೋರಿಸಿ, ಅಲ್ಲಿ ನಾನು ಕಣ್ಣಿಗೆ ಕೈ ಹಚ್ಚುತ್ತೇನೆ. ಇಲ್ಲದಿದ್ದರೆ ಇಲ್ಲ. ಅವರಿಗೆ ಇರುವುದೊಂದೇ ಕಣ್ಣು.”

“ಜಾಗ ಇಲ್ಲಮ್ಮ. ಮಾಡೋಣ,” ಎಂದೆ. ಬಾಯಿಂದ ಬಂದುಬಿಟ್ಟಿತು. ಗಡಿಗೆಗೆ ನೆಲುವು ಕಟ್ಟಬಹುದಾದರೆ ಒಂದು ಕೋಣೆಯ ನೆಲಕ್ಕೇ ಯಾಕೆ ಕಟ್ಟಬಾರದು?

ಹಳೆಯ ಹತ್ತಿ ಗೋದಾಮಿನ ತೊಲೆಗಳು ಗಟ್ಟಿಮುಟ್ಟಾಗಿದ್ದವು. ಹಲಗೆ ಜೋಡಿಸಿ ಮಂಚದಷ್ಟೇ ಅಲ್ಲ, ಒಂದು ಚಿಕ್ಕ ಕೋಣೆಯಷ್ಟು ಅಗಲದ ಅಟ್ಟಣೆ ಮಾಡಿಸಿದೆ. ಅದನ್ನು ತೂಗುಹಾಕಲು ಸುರುಳಿ ಬೇಕಿತ್ತು. ಕಮ್ಮಾರ ವೀರಾಚಾರಿ ಊರಿಗೆಲ್ಲ ಬಾಯಿ ಜೋರು, ಮನಸ್ಸು ಮೆತ್ತಗೆ. “ಅಲ್ಲಮ್ಮಾ ಬೋರಮ್ಮ, ಇದೇನು ಮೊಸರು ಗಡಿಗೆಯಾ? ಮನುಷ್ಯರು ಹತ್ತುತ್ತಾರೆ. ಕಡಿದು ಬಿದ್ರೆ ಡಾಕ್ಟ್ರಮ್ಮನ ಕಣ್ಣಿಗೂ ಇನ್ನೊಬ್ಬ ಡಾಕ್ಟ್ರು ಬೇಕಾಗ್ತಾರೆ” ಎಂದು ಹೆಬ್ಬೆರಳು ಗಾತ್ರದ ಸರಳನ್ನು ಕಾಯಿಸಿ ಎಂಟು ಸುರುಳಿ ಬಗ್ಗಿಸಿಕೊಟ್ಟ. ನನಗೂ ಒಳಗೊಳಗೇ ಭಯವಿತ್ತು. ಇನ್ನೊಂದು ಸಲ ಅವಳಿಗೆ ನನ್ನಿಂದ ಕೇಡಾಗಬಾರದು ಎನ್ನುವ ಒಂದೇ ಯೋಚನೆಯಲ್ಲಿ, ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡೆ. ಇಪ್ಪತ್ತು ವರ್ಷ ಮಾಡಿದ ಕಸುಬನ್ನು ಭಯ ಒಂದು ಗಳಿಗೆಯಲ್ಲಿ ಮರೆಸಿಬಿಡುತ್ತದೆ.

ಅಟ್ಟಣೆ ತೂಗುಹಾಕಿ, ಮೇಲೆ ಬಟ್ಟಲು ಇಟ್ಟು ನೀರು ತುಂಬಿದೆವು. ನೀರು ಸುಕ್ಕಾಗುವುದಿರಲಿ, ಬಟ್ಟಲಿನಿಂದ ಹಾರಿ ನನ್ನ ಸೀರೆಗೇ ಬಿತ್ತು. ಅಟ್ಟಣೆ ಹುಚ್ಚೆದ್ದು ಕುಣಿಯುತ್ತಿತ್ತು. ನೋಡಲು ಬಂದವರು ನಕ್ಕರು. “ಬೋರಮ್ಮ ಜೋಕಾಲಿ ಮಾಡವ್ಳೆ!” ವೀರಾಚಾರಿ ಗಡ್ಡ ಕೆರೆದುಕೊಂಡು, “ಇನ್ನೂ ದಪ್ಪ ಸರಳು ಹಾಕಿ ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿಬಿಡೋಣ” ಎಂದ. ನಾನು ಸುರುಳಿಯ ಹತ್ತಿರ ಹೋಗಿ ಕೈಯಿಟ್ಟು ಅಳೆದೆ. ಒಂದೇ ಬೆರಳು. ಬರೀ ಒಂದು ಬೆರಳು ಜಗ್ಗಿತ್ತು. ನಮ್ಮತ್ತೆ ಬದುಕಿದ್ದರೆ ಅದೇ ಬೆರಳಿನಿಂದ ನನ್ನ ತಲೆಗೆ ಮೊಟಕುತ್ತಿದ್ದರು.

“ಬಿಗಿ ಮಾಡೋದಲ್ಲ ಆಚಾರ್ರೇ,” ಎಂದೆ. “ಕೂಸು ಹಗುರ ಆಯ್ತು. ಭಾರ ಹೇರಬೇಕು.”

“ಎಷ್ಟು?”

“ಸುರುಳಿ ಅರ್ಧ ಮೊಳ ಜಗ್ಗೋ ತನಕ.”

ಅವನು ತೊಲೆಯನ್ನು ನೋಡಿದ, ಸುರುಳಿಯನ್ನು ನೋಡಿದ, ಬಾಯಲ್ಲೇ ಏನೋ ಲೆಕ್ಕ ಹಾಕಿದ. “ಸುರುಳಿ ತಡೆಯುತ್ತೆ, ತೊಲೆನೂ ತಡೆಯುತ್ತೆ. ಆದ್ರೆ ಅಷ್ಟು ಭಾರ ಅಂದ್ರೆ ನಲವತ್ತು ಒರಳುಕಲ್ಲು ಬೇಕಾಗುತ್ತೆ ಕಣಮ್ಮ.” ಹೇಳಿ ತಾನೇ ನಾಲಿಗೆ ಕಚ್ಚಿಕೊಂಡ. ಸುತ್ತಲಿದ್ದವರ ನಗುವೂ ನಿಂತಿತು.

ಯಾಕೆಂದರೆ ನಮ್ಮೂರಿನಲ್ಲಿ ಒರಳುಕಲ್ಲು ಹೊಸ್ತಿಲು ದಾಟುವುದಿಲ್ಲ. ಮನೆ ಕಟ್ಟುವಾಗ ಮೊದಲು ಗುಂಡಿ ತೋಡಿ ಒರಳು ಹೂಳುತ್ತಾರೆ, ಆಮೇಲೆ ಗೋಡೆ. ಅದೇ ಮನೆಯ ಗೂಟ. ಒರಳು ಕಿತ್ತ ಮನೆ ತಂಬಿಗೆಯ ಹಾಗೆ ಪೂರ್ವಕ್ಕೆ ನಡೆಯುತ್ತದೆ. ಇದು ಬರಿಯ ನಂಬಿಕೆಯಲ್ಲ. ಕೆರೆಯ ದಾರಿಯಲ್ಲಿ ಹಿಂದೆ ಯಾರದೋ ಪಾಲಿನ ಜಗಳದಲ್ಲಿ ಒರಳು ಕಿತ್ತ ಒಂದು ಮನೆಯಿದೆ. ಈಗ ಅದು ದಾರಿಯ ಮಧ್ಯದಲ್ಲಿದೆ, ಗಾಡಿಗಳು ಸುತ್ತಿಕೊಂಡು ಹೋಗುತ್ತವೆ. ಬೇರೆ ಕಲ್ಲು ತರೋಣವೆಂದರೆ ನಮ್ಮದು ಮರಳು ಮಣ್ಣಿನ ಊರು, ಕಲ್ಲಿನ ಗುಡ್ಡ ಮೂರು ದಿನದ ದಾರಿ.

ಯಾರನ್ನೂ ಕೇಳುವ ಮುಖ ನನಗಿರಲಿಲ್ಲ. ಮನೆಗೆ ಹೋದೆ, ಹಾರೆ ತೆಗೆದುಕೊಂಡೆ, ನಮ್ಮ ಒರಳನ್ನು ಕಿತ್ತೆ. ಅದನ್ನು ಉರುಳಿಸಿಕೊಂಡು ಬೀದಿಗೆ ಬಂದಾಗ ಮಟಮಟ ಮಧ್ಯಾಹ್ನ. ಕಲ್ಲು ಉರುಳುವ ಸದ್ದಿಗೆ ಮನೆಮನೆಯ ಬಾಗಿಲು ತೆರೆದವು. ಚೌಡಕ್ಕ ತನ್ನ ಜಗಲಿಯ ಮೇಲೆ ಕೂತಿದ್ದವಳು ಕಾಲಿನಲ್ಲೇ ಸದ್ದು ಹಿಡಿದು, “ಯಾರೇ ಅದು ಒರಳು ಕಿತ್ತೋರು? ಬೋರಿನಾ? ತಲೆ ಕೆಟ್ಟೈತೇನೇ ನಿನಗೆ?” ಎಂದು ಕೂಗಿದಳು. ನಾನು ಉರುಳಿಸುತ್ತಾ ಹೋದೆ. ಗೋದಾಮಿನ ಹತ್ತಿರ ಬಂದು ಉಸಿರು ತೆಗೆದುಕೊಳ್ಳಲು ತಿರುಗಿದರೆ ಹಿಂದೆ ಇನ್ನೊಂದು ಕಲ್ಲು ಬರುತ್ತಿತ್ತು. ವೀರಾಚಾರಿಯ ಹೆಂಡತಿ. ಅವಳ ಹಿಂದೆ ಮತ್ತೊಂದು. “ಚೌಡಕ್ಕನ ಗಡಿಗೇಲಿ ಅನ್ನ ಬೇಯಿಸಿದ್ದೀವಿ,” ಎಂದಳು ಆಚಾರಿಯ ಹೆಂಡತಿ, ನಾನು ಕೇಳದಿದ್ದರೂ. “ಮನೆ ನಡೆದ್ರೆ ನಡೀಲಿ. ನಮ್ಮೆಜಮಾನ್ರಂತೂ ನಡೆಯಲ್ಲ, ಅದಾದ್ರೂ ನಡೀಲಿ.”

ಸಂಜೆಯೊಳಗೆ ಮೂವತ್ತೆಂಟು ಕಲ್ಲು ಅಟ್ಟಣೆಯ ಮೇಲೆ ಕೂತವು. ಒಂದೊಂದು ಕಲ್ಲಿಗೂ ಸುರುಳಿ ಜಗ್ಗುತ್ತಾ ಬಂತು. ಮೊದಮೊದಲು ಕುಣಿತ ಹೆಚ್ಚಾಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಗುಬ್ಬಿಯ ನಡುಕದಷ್ಟಾಯಿತು. ಬಟ್ಟಲನ್ನು ಮಧ್ಯದಲ್ಲಿಟ್ಟಿದ್ದೆವು. ಮೂವತ್ತೊಂಬತ್ತನೆಯ ಕಲ್ಲನ್ನು ವೀರಾಚಾರಿ ಮೆಲ್ಲಗೆ ಇಳಿಸಿ ಕೈ ತೆಗೆದ. ನೀರಿನ ಸುಕ್ಕು ಅಂಚಿನಿಂದ ಒಳಕ್ಕೆ ಸರಿಯುತ್ತಾ, ತೆಳ್ಳಗಾಗುತ್ತಾ ಹೋಗಿ, ಹೋಗಿ, ಇಲ್ಲವಾಯಿತು.

ನನಗೆ ಮೊದಲು ಬಟ್ಟಲಿನಲ್ಲಿ ನೀರೇ ಇಲ್ಲ ಅನ್ನಿಸಿತು. ಯಾರೋ ಕದ್ದರೆಂದು ಬಗ್ಗಿದೆ. ಬಟ್ಟಲೊಳಗೆ ಗೋದಾಮಿನ ತೊಲೆ ಇತ್ತು, ತೊಲೆಯ ಮೇಲೆ ಕೂತ ಪಾರಿವಾಳ ಇತ್ತು, ಹೆಂಚಿನ ಸಂದಿಯಲ್ಲಿ ಒಂದು ಚೂರು ಆಕಾಶ ಇತ್ತು. ಪಾರಿವಾಳ ಕತ್ತು ತಿರುಗಿಸಿದರೆ ಬಟ್ಟಲಿನಲ್ಲೂ ತಿರುಗಿಸಿತು. ನಮ್ಮ ಕೆರೆಯಲ್ಲಿ, ಬಾವಿಯಲ್ಲಿ, ಲೋಟದಲ್ಲಿ ನಾವು ಹುಟ್ಟಿದಾಗಿನಿಂದ ಕಂಡದ್ದು ಬೆಳಕಿನ ಚೂರುಗಳನ್ನು ಮಾತ್ರ. ನೀರು ತನ್ನೊಳಗೆ ಇಷ್ಟನ್ನು ಇಟ್ಟುಕೊಂಡಿದೆ ಎಂದು ಯಾರಿಗೆ ಗೊತ್ತಿತ್ತು? ಅರವತ್ತು ಜನ ಬಗ್ಗಿ ಬಗ್ಗಿ ನೋಡಿದರು. ಬಾಯಿ ಜೋರಿನ ವೀರಾಚಾರಿ ತನ್ನ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ, ಗುಡಿಯೊಳಗೆ ಬಂದವನ ಹಾಗೆ.

ಮರುದಿನ ಚೌಡಕ್ಕನನ್ನು ಕರೆತಂದು ಅಟ್ಟಣೆಯ ಮೇಲೆ ಮಲಗಿಸಿದೆವು. ಅವಳು ಮಲಗಿದ ಕೂಡಲೇ ನೀರು ಮತ್ತೆ ಸುಕ್ಕಾಯಿತು. ನೆಲದ್ದಲ್ಲ ಅದು, ಅವಳ ಮೈಯದು. ನಾನು ಹತ್ತಿದೆ, ಇನ್ನಷ್ಟು ಸುಕ್ಕು. ಡಾಕ್ಟರಮ್ಮ ಹತ್ತಿದರು, ಅವರ ಕೈಯಲ್ಲೂ ನಮ್ಮೂರು ಸೇರಿಕೊಂಡುಬಿಟ್ಟಿತ್ತು. “ಎಲ್ಲರೂ ಇಲ್ಲೇ ಇರೋಣ,” ಎಂದೆ, “ಮೈಯಿಂದ ಅದುರು ಇಳಿಯೋ ತನಕ.” ಡಾಕ್ಟರಮ್ಮ, ಅವರ ನರ್ಸು, ಚೌಡಕ್ಕ, ನಾನು, ನಾಲ್ಕು ಜನ ಆ ಕಲ್ಲುಗಳ ನಡುವೆ ಚಾಪೆ ಹಾಸಿಕೊಂಡೆವು. ಊಟವನ್ನು ಕೆಳಗಿನಿಂದ ಉದ್ದನೆಯ ಕೋಲಿಗೆ ಸಿಕ್ಕಿಸಿ ಕೊಡುತ್ತಿದ್ದರು. ಚೌಡಕ್ಕನ ತಲೆಗೆ, ಕೂಸುಗಳಿಗೆ ಮಾಡುವ ಹಾಗೆ, ಸಾಸಿವೆ ತುಂಬಿದ ದಿಂಬು ಹೊಲಿದುಕೊಟ್ಟೆ.

ಎರಡನೆಯ ದಿನ ಸುಕ್ಕು ಅರ್ಧ ಇಳಿಯಿತು. ಅದೇ ದಿನ ಊರಿನ ಮನೆಗಳು ಹೊರಟವು. ವೀರಾಚಾರಿ ಓಡಿ ಬಂದು ಕೆಳಗಿನಿಂದ ಕೂಗಿದ: “ಬೋರಮ್ಮ, ನಮ್ಮನೆ ನಾಲ್ಕು ಬೆರಳು ಸರಿದೈತೆ! ಬಾಗಿಲು ಹಾಕಕ್ಕಾಗ್ತಿಲ್ಲ. ಗೋಡೆಗಳು ಕರಕರ ಅಂತವೆ. ಜನ ಗಾಬರಿಯಾಗವ್ರೆ. ಇವತ್ತೇ ಮುಗಿಸಿಬಿಡ್ರಮ್ಮಾ, ಕೈ ಮುಗೀತೀನಿ.”

ಡಾಕ್ಟರಮ್ಮ ಬಟ್ಟಲನ್ನು ನೋಡಿದರು. “ಮೊದಲಿಗಿಂತ ಎಷ್ಟೋ ಕಡಿಮೆ ಇದೆ. ಬಹುಶಃ ಸಾಕಾಗಬಹುದು,” ಎಂದು ಮೆಲ್ಲಗೆ ಅಂದರು. ಚೌಡಕ್ಕ ಕಣ್ಣು ಮುಚ್ಚಿಕೊಂಡೇ, “ಮಾಡಿಬಿಡಿ ತಾಯಿ. ನನ್ನೊಬ್ಬಳಿಂದ ಊರು ಯಾಕೆ ನಡೀಬೇಕು?” ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಆಸ್ಪತ್ರೆಯ ಬಾಗಿಲಲ್ಲಿ ಅವಳ ಬೆನ್ನು ತಳ್ಳಿದ ಕೈ ಇದೇ ಅಲ್ಲವೇ ಎಂದು ನನ್ನ ಬಲಗೈಯನ್ನು ನಾನೇ ನೋಡಿಕೊಂಡೆ.

“ಆಗಲ್ಲ,” ಎಂದೆ. “ಒಂದು ಸಲ ಅವಸರ ಮಾಡಿ ಇವಳ ಒಂದು ಕಣ್ಣು ಕಳೆದೋಳು ನಾನು. ಆಚಾರ್ರೇ, ಏಣಿ ಹತ್ತಿ ಬಂದು ಈ ನೀರು ನೋಡಿ. ಇದು ನಿಂತೈತೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ ಈಗ್ಲೇ ಮಾಡಿಸ್ತೀನಿ.”

ಅವನು ಏಣಿ ಹತ್ತಿ ಅಟ್ಟಣೆಯನ್ನು ಮುಟ್ಟದೆ ಕತ್ತು ಚಾಚಿ ನೋಡಿದ. ಮೊನ್ನೆ ಸುಕ್ಕಿಲ್ಲದ ನೀರು ನೋಡಿದ್ದವನಿಗೆ ಸುಳ್ಳು ಹೇಳಲು ಬರಲಿಲ್ಲ. “ನಿಂತಿಲ್ಲ ಕಣಮ್ಮ,” ಎಂದು ಇಳಿದುಹೋದ.

ಅವನು ಊರಿಗೆ ಏನು ಹೇಳಿದನೋ ಗೊತ್ತಿಲ್ಲ, ಜನ ಏನು ಮಾಡಿದರೆಂಬುದು ನನಗೆ ಆಮೇಲೆ ತಿಳಿಯಿತು. ಒರಳು ಕಿತ್ತ ಮೂವತ್ತೊಂಬತ್ತು ಮನೆಗಳಲ್ಲೂ ಆ ಖಾಲಿ ಗುಂಡಿಯೊಳಗೆ ಒಬ್ಬೊಬ್ಬರು ಹೋಗಿ ಕೂತರು. ಕಲ್ಲಿನ ಬದಲು ಮನುಷ್ಯರು. ಗಂಡ ಕೂತು ಬೇಸತ್ತರೆ ಹೆಂಡತಿ, ಹೆಂಡತಿ ಎದ್ದರೆ ಅತ್ತೆ. ನಾನು ಹೊರಟುಬಂದ ಮನೆಯಲ್ಲೂ ಯಾರೋ ಹೋಗಿ ಕೂತಿದ್ದರು. ಗುಂಡಿಯಲ್ಲೇ ಊಟ, ಗುಂಡಿಯಲ್ಲೇ ಅಕ್ಕಿ ಆರಿಸುವುದು, ಗುಂಡಿಯಿಂದ ಗುಂಡಿಗೆ ಗೋಡೆಯಾಚೆ ಹರಟೆ. ಮನೆಗಳು ಪೂರ್ತಿ ನಿಲ್ಲಲಿಲ್ಲ, ಆದರೆ ನಿಧಾನಿಸಿದವು.

ಮೂರನೆಯ ದಿನ ಮಧ್ಯಾಹ್ನ ನಾನು ಚೌಡಕ್ಕನ ಪಕ್ಕ ಅಂಗಾತ ಮಲಗಿದ್ದೆ. ಕಾಲಿನಿಂದ, ಬೆನ್ನಿನಿಂದ, ಹಲ್ಲಿನಿಂದ ಅದುರು ಒಂದೊಂದಾಗಿ ಇಳಿದುಹೋಗಿತ್ತು. ನನ್ನ ಮೈ ಇಷ್ಟು ದೊಡ್ಡದು, ಇಷ್ಟು ಖಾಲಿ ಎಂದು ಅಲ್ಲಿಯ ತನಕ ತಿಳಿದಿರಲಿಲ್ಲ. ಆಗ ಆ ಖಾಲಿಯೊಳಗೆ ಯಾರೋ ಬಾಗಿಲು ತಟ್ಟಿದರು. ಒಂದು ಸಲ. ಇನ್ನೊಂದು ಸಲ. ಎದೆಯ ಎಡಗಡೆ. ನಾನು ಹೆದರಿ ಎದ್ದು ಕೂತೆ. “ಡಾಕ್ಟ್ರಮ್ಮ, ನನಗೇನೋ ಆಗೈತೆ. ಒಳಗೆ ಏನೋ ಬಡಿದುಕೊಳ್ತೈತೆ.”

ಅವರು ನನ್ನ ಕೈ ಹಿಡಿದು ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ಬೋರಮ್ಮ, ಇದು ನಿಮ್ಮ ಎದೆ ಬಡಿತ. ಹುಟ್ಟಿದಾಗಿನಿಂದ ಇದೆ. ನಿಮ್ಮ ನೆಲ ಇದನ್ನು ಕೇಳಿಸಿಕೊಳ್ಳಲು ಬಿಟ್ಟಿರಲಿಲ್ಲ.”

ನಲವತ್ತೆಂಟು ವರ್ಷ ನನ್ನ ಜೊತೆಗೇ ಇದ್ದು, ಒಂದು ದಿನವೂ ತಾನಿದ್ದೇನೆ ಎಂದು ಹೇಳದೆ ದುಡಿದದ್ದು. ನನಗೆ ಅಳು ಬಂತು. ಚೌಡಕ್ಕ ಕತ್ತಲಲ್ಲಿ ತಡಕುವವಳಂತೆ ಕೈ ಚಾಚಿ, “ಎಲ್ಲೇ ಅದು, ನಂಗೂ ತೋರಿಸೇ,” ಎಂದಳು. ಅವಳ ಕೈಯನ್ನು ನನ್ನ ಎದೆಯ ಮೇಲಿಟ್ಟೆ. ಆಮೇಲೆ ಅವಳದೇ ಎದೆಯ ಮೇಲಿಟ್ಟೆ. ಅವಳು ಉಸಿರು ಹಿಡಿದು ಕೇಳಿದಳು. “ಅಯ್ಯೋ ನನ್ನಪ್ಪಾ, ಇವನ್ಯಾರೇ ಒಳಗೆ,” ಎಂದು ಮೆಲ್ಲಗೆ ಅಂದಳು, ಹೊಸ ನೆಂಟನನ್ನು ಮಾತಾಡಿಸುವ ಹಾಗೆ.

ನಾಲ್ಕನೆಯ ದಿನ ಬೆಳಿಗ್ಗೆ ನೀರಿನಲ್ಲಿ ಸುಕ್ಕಿರಲಿಲ್ಲ. ಬಗ್ಗಿ ನೋಡಿದರೆ ಕೂದಲೆಳೆಯಂಥ ಒಂದು ಬಳೆ ಆಗಾಗ ನಡುವಿನಿಂದ ಹುಟ್ಟಿ ಅಂಚಿಗೆ ಹೋಗುತ್ತಿತ್ತು. “ಅದು ನಾಲ್ವರ ಎದೆಯದು,” ಎಂದರು ಡಾಕ್ಟರಮ್ಮ. “ಅದು ಇರಲಿ ಬಿಡಿ. ಅದು ನಿಂತರೆ ನನಗಿಲ್ಲಿ ಏನು ಕೆಲಸ?” ಕೈ ತೊಳೆದುಕೊಂಡು ಬಂದು ಕೂತರು. ನಾನು ಚೌಡಕ್ಕನ ಕಾಲಿನ ಹತ್ತಿರ ಕೂತೆ, ಮುಟ್ಟಲಿಲ್ಲ. ಕೆಳಗೆ ಗೋದಾಮಿನ ನೆಲ ಅದುರುತ್ತಿತ್ತು, ಗೋಡೆಗಳು ಅದುರುತ್ತಿದ್ದವು, ಊರೆಲ್ಲ ಅದುರುತ್ತಿತ್ತು. ಡಾಕ್ಟರಮ್ಮನ ಬೆರಳು ಮಾತ್ರ ನಿಂತಿತ್ತು. ಒಂದು ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು. ಮುಗಿಯಿತು.

ಪಟ್ಟಿ ಬಿಚ್ಚಿದ್ದು ಮರುದಿನ. ಚೌಡಕ್ಕ ಮೊದಲು ಕಣ್ಣು ಕಿರಿದು ಮಾಡಿದಳು, ಆಮೇಲೆ ಅರಳಿಸಿದಳು. ನನ್ನ ಮುಖವನ್ನೇ ನೋಡಿದಳು. ನಮ್ಮೂರಿನಲ್ಲಿ ಮುಖಗಳು ಸದಾ ಒಂದಿಷ್ಟು ಅಲುಗುತ್ತಲೇ ಇರುತ್ತವೆ. ನಿಂತ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. “ಥೂ ಬೋರಿ,” ಎಂದಳು, “ನಿನಗೆ ಮೀಸೆ ಬಂದೈತಲ್ಲೇ!” ನರ್ಸು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗಲಾಗಲಿಲ್ಲ. ಐದು ವರ್ಷದಿಂದ ಬಾಯೊಳಗಿದ್ದ ಮಾತು ಆಗ ಹೊರಗೆ ಬಂತು. “ಅಕ್ಕ, ಆವತ್ತು ನೀನು ನಾಲ್ಕು ದಿನ ಕಾಯೋಣ ಅಂದಿದ್ದೆ...” ಅವಳು ಕೈಯೆತ್ತಿ ನನ್ನನ್ನು ತಡೆದಳು. “ಈಗ ಕಾದೆಯಲ್ಲ,” ಎಂದಳು. “ಆ ನೀರು ತೋರಿಸು ಮೊದಲು. ಅದೇನೋ ನೀರು ನೀರು ಅಂತ ಐದು ದಿನದಿಂದ ನನ್ನ ಕಿವಿ ತಿಂದ್ರಿ.”

ಬಟ್ಟಲನ್ನು ಅವಳ ಮುಂದೆ ಸರಿಸಿ, ಅದು ನಿಲ್ಲುವ ತನಕ ಕಾದೆವು. ಅವಳು ಬಗ್ಗಿದಳು. ಬಟ್ಟಲೊಳಗಿನಿಂದ ತೊಲೆ, ಪಾರಿವಾಳ, ಬಿಸಿಲು, ಒಂದು ಕಣ್ಣಿನ ಮುದುಕಿ, ಅವಳ ಹೆಗಲ ಮೇಲಿಂದ ಇಣುಕುವ ನಾನು, ಎಲ್ಲರೂ ಮೇಲಕ್ಕೆ ನೋಡಿದೆವು. ಕುಂಬಾರಳಲ್ಲವೇ, ಹೊಸ ಗಡಿಗೆಯನ್ನು ಪರೀಕ್ಷೆ ಮಾಡುವವಳಂತೆ ಬೆರಳನ್ನು ಚಾಚಿ, ನೀರಿಗೆ ಒಂದು ಕೂದಲಿನಷ್ಟು ದೂರದಲ್ಲಿ ನಿಲ್ಲಿಸಿದಳು. ಬಟ್ಟಲಿನಲ್ಲಿ ಇನ್ನೊಂದು ಬೆರಳು ಅವಳ ಬೆರಳಿನ ಹತ್ತಿರಕ್ಕೆ ಬಂದು ಕಾಯುತ್ತಿತ್ತು.

“ಮುಟ್ಟಿದ್ರೆ ಒಡೆಯುತ್ತೇನೇ?” ಎಂದು ಕೇಳಿದಳು.

“ಒಡೆಯುತ್ತೆ,” ಎಂದೆ. “ಸ್ವಲ್ಪ ಕಾದ್ರೆ ತಾನೇ ಕೂಡಿಕೊಳ್ಳುತ್ತೆ.”

ಹೊರಗೆ ಜನ ತಮ್ಮ ಒರಳುಗಳನ್ನು ಒಯ್ಯಲು ಬಂದು ಸೇರಿದ್ದರು. ಅಷ್ಟರಲ್ಲಿ ನಮ್ಮ ಬೀದಿ ಒಂದು ಗೇಣು ಪೂರ್ವಕ್ಕೆ ಬಾಗಿತ್ತು. ಇವತ್ತಿಗೂ ಹಾಗೇ ಬಾಗಿದೆ, ಯಾರೂ ಅದನ್ನು ನೆಟ್ಟಗೆ ಮಾಡಿಸಲು ಹೋಗಿಲ್ಲ. ಬಾಗಿಲಲ್ಲಿ ನಿಂತು ವೀರಾಚಾರಿ ಏನೋ ಕೂಗಲು ಬಾಯಿ ತೆರೆದವನು, ನಮ್ಮಿಬ್ಬರನ್ನು ನೋಡಿ ಬಾಯಿ ಮುಚ್ಚಿ ಹಿಂದಿನವರಿಗೆ ಸನ್ನೆ ಮಾಡಿದ. ಊರಿಗೆ ಊರೇ ಹೊಸ್ತಿಲಾಚೆ ಕಾಯುತ್ತಾ ನಿಂತಿತು. ಚೌಡಕ್ಕ ಬೆರಳನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹಂಗಾದ್ರೆ ಇನ್ನೊಂದು ಗಳಿಗೆ ಇರ್ಲಿ,” ಎಂದಳು. ನಾವು ಯಾರೂ ಮುಟ್ಟಲಿಲ್ಲ.